ಹಾಸುಬಟ್ಟೆಯಿಂದ ಜೇಬಿಲ್ಲದ ಅಂಗಿಯವರೆಗೆ

ದಕ್ಷಿಣ ಜರ್ಮನಿಯ ಯಹೂದಿ ಮನೆಗಳಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಗಂಡು ಮಗುವಿಗೆ ಸುನ್ನತಿ ಮಾಡಿಸುವಾಗ ಸುತ್ತಿದ್ದ ಬಿಳಿ ಬಟ್ಟೆಯನ್ನು ಎಸೆಯುತ್ತಿರಲಿಲ್ಲ. ಅದನ್ನು ಒಗೆದು, ಉದ್ದಕ್ಕೆ ನಾಲ್ಕು ಪಟ್ಟಿಯಾಗಿ ಕತ್ತರಿಸಿ, ತುದಿಗೆ ತುದಿ ಸೇರಿಸಿ ಹೊಲಿಯುತ್ತಿದ್ದರು. ಸುಮಾರು 3 ಮೀಟರ್ ಉದ್ದದ ಪಟ್ಟಿ ಆಗುತ್ತಿತ್ತು. ಅದರ ಮೇಲೆ ಬಣ್ಣದ ದಾರದಲ್ಲಿ ಕಸೂತಿ. ಮಗುವಿನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಆಮೇಲೆ ಒಂದು ಹಾರೈಕೆ: ಇವನು ತೋರಾ, ಅಂದರೆ ಯಹೂದಿಗಳ ಧರ್ಮಗ್ರಂಥ, ಕಲಿಯುವಂತಾಗಲಿ, ಮದುವೆ ಚಪ್ಪರದ ಕೆಳಗೆ ನಿಲ್ಲುವಂತಾಗಲಿ, ಒಳ್ಳೆಯ ಕೆಲಸ ಮಾಡುವಂತಾಗಲಿ. ಮಗು ನಡೆಯುವಷ್ಟಾದ ಮೇಲೆ ಅವನನ್ನು ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋಗಿ ಆ ಪಟ್ಟಿಯನ್ನು ಒಪ್ಪಿಸುತ್ತಿದ್ದರು. ತೋರಾ ಸುರುಳಿಯನ್ನು ಸುತ್ತಿ ಕಟ್ಟಿಡುವುದಕ್ಕೆ ಅದು ಬೇಕಾಗುತ್ತಿತ್ತು. 13ನೇ ವಯಸ್ಸಿನಲ್ಲಿ ಆ ಹುಡುಗ ಮೊದಲ ಸಲ ಎಲ್ಲರ ಮುಂದೆ ತೋರಾ ಓದುವಾಗ ಸುರುಳಿಗೆ ಅದೇ ಪಟ್ಟಿ ಕಟ್ಟಿರುತ್ತಿತ್ತು. ಇದಕ್ಕೆ ವಿಂಪೆಲ್ ಎಂದು ಹೆಸರು.

ಬದುಕಿನ ಇನ್ನೊಂದು ತುದಿಯಲ್ಲೂ ಒಂದು ಬಿಳಿ ಬಟ್ಟೆ ಇದೆ. ಸತ್ತವರಿಗೆ ತೊಡಿಸುವ ಉಡುಪು. ಲಿನನ್‌ದೋ ಹತ್ತಿಯದೋ, ತೀರಾ ಸಾದಾ. ಅದಕ್ಕೆ ಜೇಬು ಇಡುವುದಿಲ್ಲ.

ತನ್ನ ಹೆಸರಿನ ಕಸೂತಿ ಆಗುತ್ತಿದೆ ಅಂತ ಮಗುವಿಗೆ ಗೊತ್ತಿಲ್ಲ. ತನಗೆ ಯಾರೋ ಅಂಗಿ ತೊಡಿಸುತ್ತಿದ್ದಾರೆ ಅಂತ ಸತ್ತವರಿಗೂ ಗೊತ್ತಿಲ್ಲ. ಎರಡನ್ನೂ ಮಾಡುವವರು ಸುತ್ತ ಇರುವವರು. ಯಹೂದಿ ವಿಧಿಗಳನ್ನು ಒಂದೊಂದಾಗಿ ನೋಡುತ್ತಾ ಹೋದ ಹಾಗೆ ನನಗೆ ಗಟ್ಟಿಯಾಗಿ ಅನಿಸಿದ್ದು ಇದು. ವಿಧಿ ನಡೆಯುವುದು ಒಬ್ಬರ ಹೆಸರಿನಲ್ಲಿ. ಆದರೆ ಅದರ ನಿಯಮಗಳೆಲ್ಲ ಹೆಚ್ಚಾಗಿ ಪಕ್ಕದಲ್ಲಿ ನಿಂತವರಿಗೆ. ಯಾರು ಬರಬೇಕು, ಎಷ್ಟು ಜನ ಇರಬೇಕು, ಏನು ತರಬೇಕು, ಯಾವಾಗ ಸುಮ್ಮನೆ ಕೂರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಹೂದಿಗಳೆಲ್ಲ ಒಂದೇ ಥರ ಅಲ್ಲ. ಜರ್ಮನಿ, ಪೋಲೆಂಡ್, ರಷ್ಯಾ ಕಡೆಯವರು ಅಶ್ಕೆನಾಝಿಗಳು. ಸ್ಪೇನ್, ಪೋರ್ಚುಗಲ್ ಮೂಲದವರು ಸೆಫಾರ್ದಿಗಳು. ಬಾಗ್ದಾದ್, ಯೆಮನ್, ಕೊಚ್ಚಿ, ಕೊಂಕಣದವರ ರೂಢಿಗಳು ಬೇರೆ. ಇದರ ಮೇಲೆ ಸಂಪ್ರದಾಯಸ್ಥರು, ಸುಧಾರಣಾವಾದಿಗಳು ಎಂಬ ಭೇದ ಬೇರೆ ಇದೆ. ಇಲ್ಲಿ ಹೇಳುವುದು ಹೆಚ್ಚಾಗಿ ಸಂಪ್ರದಾಯದ ಕ್ರಮ. ಬೇರೆ ಕಡೆ ಬದಲಾದದ್ದನ್ನು ಅಲ್ಲಲ್ಲಿ ಹೇಳುತ್ತೇನೆ.

ಎಂಟನೇ ದಿನ

ಸೋಮವಾರ ಬೆಳಗ್ಗೆ ಗಂಡು ಮಗು ಹುಟ್ಟಿತು ಅಂದುಕೊಳ್ಳಿ. ಸುನ್ನತಿ ಮುಂದಿನ ಸೋಮವಾರ. ಹುಟ್ಟಿದ ದಿನವನ್ನೇ ಒಂದು ಅಂತ ಎಣಿಸಿದರೆ ಅದು 8ನೇ ದಿನ. ಅದೇ ಮಗು ಸೋಮವಾರ ರಾತ್ರಿ 9 ಗಂಟೆಗೆ ಹುಟ್ಟಿದ್ದರೆ? ಆಗ ಮುಂದಿನ ಮಂಗಳವಾರ. ಯಹೂದಿ ಪಂಚಾಂಗದಲ್ಲಿ ಸೂರ್ಯ ಮುಳುಗಿದ ಮೇಲೆ ಹೊಸ ದಿನ ಶುರು. ಸೋಮವಾರ ರಾತ್ರಿ ಅಂದರೆ ಅವರ ಲೆಕ್ಕದಲ್ಲಿ ಆಗಲೇ ಮಂಗಳವಾರ.

ಈ ವಿಧಿಗೆ ಬ್ರಿತ್ ಮಿಲಾ ಎಂದು ಹೆಸರು. ಬ್ರಿತ್ ಅಂದರೆ ಒಡಂಬಡಿಕೆ. ದೇವರು ಯಹೂದಿಗಳ ಮೂಲಪುರುಷ ಅಬ್ರಹಾಮನ ಜೊತೆ ಮಾಡಿಕೊಂಡ ಒಡಂಬಡಿಕೆಗೆ ಇದು ಗುರುತು ಎಂದು ಬೈಬಲ್‌ನ ಆದಿಕಾಂಡದ 17ನೇ ಅಧ್ಯಾಯ ಹೇಳುತ್ತದೆ. 8ನೇ ದಿನ ಸಬ್ಬತ್ ಬಿದ್ದರೂ ಇದನ್ನು ಮುಂದೂಡುವುದಿಲ್ಲ. ಸಬ್ಬತ್ ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗಿನ ವಿಶ್ರಾಂತಿಯ ದಿನ. ಆ ದಿನ ಬೆಂಕಿ ಹಚ್ಚುವ ಹಾಗಿಲ್ಲ, ದುಡ್ಡು ಮುಟ್ಟುವ ಹಾಗಿಲ್ಲ. ಅಂಥ ದಿನವೂ ಈ ವಿಧಿಗೆ ದಾರಿ ಬಿಡುತ್ತದೆ.

ಆದರೆ ಮಗುವಿನ ಆರೋಗ್ಯದ ಮುಂದೆ ಈ ವಿಧಿಯೂ ನಿಲ್ಲುತ್ತದೆ. ಮಗುವಿಗೆ ಕಾಮಾಲೆ ಇದ್ದರೆ ಕಾಯಬೇಕು. ತಾಲ್ಮುದ್ ಎಂಬ ಅವರ ದೊಡ್ಡ ಧರ್ಮಚರ್ಚೆಯ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ಸಿಪ್ಪೊರಿ ಎಂಬ ಊರಿನಲ್ಲಿ ನಾಲ್ವರು ಅಕ್ಕತಂಗಿಯರು. ಮೊದಲನೆಯವಳ ಮಗು ಸುನ್ನತಿಯಾಗಿ ಸತ್ತಿತು. ಎರಡನೆಯವಳ ಮಗುವೂ ಸತ್ತಿತು. ಮೂರನೆಯವಳದೂ ಹಾಗೇ ಆಯಿತು. ನಾಲ್ಕನೆಯವಳು ರಬ್ಬಿಯ, ಅಂದರೆ ಧರ್ಮಗುರುವಿನ ಹತ್ತಿರ ಬಂದಾಗ ಅವರು, ಈ ಮಗುವಿಗೆ ಮಾಡಬೇಡಿ ಎಂದರು. ರಕ್ತ ಹೆಪ್ಪುಗಟ್ಟದ ಹಿಮೊಫಿಲಿಯಾ ಕಾಯಿಲೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ ಅಂತ ವೈದ್ಯರು ಹೇಳುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲಿನ ಮಾತು ಇದು. ಆ ತಾಯಿ ಕೇಳುವ ಧೈರ್ಯ ಮಾಡಿದ್ದಕ್ಕೆ ಮುಂದೆ ಎಷ್ಟು ಮಕ್ಕಳು ಬದುಕಿಕೊಂಡವೋ!

ಸುನ್ನತಿ ಮಾಡುವವರಿಗೆ ಮೊಹೆಲ್ ಎನ್ನುತ್ತಾರೆ. ಮಗುವನ್ನು ತೊಡೆಯ ಮೇಲೆ ಹಿಡಿದು ಕೂರುವವರು ಸಂದೆಕ್. ಇದು ದೊಡ್ಡ ಗೌರವ, ಸಾಮಾನ್ಯವಾಗಿ ಅಜ್ಜನಿಗೆ ಸಿಗುತ್ತದೆ. ಮಗುವನ್ನು ಒಳಗೆ ಎತ್ತಿಕೊಂಡು ಬರುವ ಕೆಲಸವನ್ನು ಅಶ್ಕೆನಾಝಿಗಳು ಮಕ್ಕಳಿಗಾಗಿ ಕಾಯುತ್ತಿರುವ ದಂಪತಿಗೆ ಕೊಡುವುದುಂಟು. ಇನ್ನೊಂದು ಕುರ್ಚಿ ಪ್ರವಾದಿ ಎಲೀಯನಿಗೆ ಮೀಸಲು. ಪ್ರತಿ ಸುನ್ನತಿಗೂ ಅವನು ಬಂದು ಸಾಕ್ಷಿಯಾಗುತ್ತಾನೆ ಎಂಬ ನಂಬಿಕೆ. ಕೆಲಸ ಮುಗಿದ ಮೇಲೆ ಮಗುವಿನ ತುಟಿಗೆ ಒಂದು ಹನಿ ವೈನ್ ಸವರಿ, ಎಲ್ಲರಿಗೂ ಕೇಳುವ ಹಾಗೆ ಹೆಸರು ಹೇಳುತ್ತಾರೆ. ನೆರೆದವರು, ಒಡಂಬಡಿಕೆಗೆ ಬಂದ ಹಾಗೆಯೇ ತೋರಾಕ್ಕೂ ಮದುವೆಗೂ ಒಳ್ಳೆಯ ಕೆಲಸಗಳಿಗೂ ಬರಲಿ ಎನ್ನುತ್ತಾರೆ. ವಿಂಪೆಲ್ ಮೇಲಿನ ಕಸೂತಿ ಈ ಮಾತೇ.

ಹೆಸರಿಡುವುದರಲ್ಲಿ ಒಂದು ವ್ಯತ್ಯಾಸ ಇದೆ. ಅಶ್ಕೆನಾಝಿಗಳು ತೀರಿಹೋದ ಹಿರಿಯರ ಹೆಸರು ಇಡುತ್ತಾರೆ. ಬದುಕಿರುವ ಅಜ್ಜನ ಹೆಸರು ಇಡುವುದೆಂದರೆ ಅವರಿಗೆ ಕಸಿವಿಸಿ. ಸೆಫಾರ್ದಿಗಳಲ್ಲಿ ಬದುಕಿರುವ ಅಜ್ಜ ಅಜ್ಜಿಯ ಹೆಸರಿಡುವುದೇ ಮರ್ಯಾದೆ. ಹೆಣ್ಣು ಮಗುವಿಗೆ ಸಿನಗಾಗ್‌ನಲ್ಲಿ ತೋರಾ ಓದುವ ದಿನ ಹೆಸರಿಡುತ್ತಾರೆ. ಹೆಣ್ಣು ಮಗುವಿನ ಸಂಭ್ರಮ ಎಷ್ಟೋ ಕಾಲ ಇಷ್ಟಕ್ಕೇ ಮುಗಿಯುತ್ತಿತ್ತು. ಈಗ ಅನೇಕ ಕುಟುಂಬಗಳು ಅವಳಿಗೂ ಸಿಮ್ಹಾತ್ ಬಾತ್ ಎಂಬ ಪೂರ್ತಿ ಸಮಾರಂಭ ಮಾಡುತ್ತವೆ.

ನಮ್ಮ ಪಕ್ಕದ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳ ಮನೆಯಲ್ಲಿ ಎಲೀಯನಿಗೆ ಕುರ್ಚಿ ಮಾತ್ರ ಅಲ್ಲ, ಒಂದು ತಟ್ಟೆಯೂ ಇದೆ. ಅದಕ್ಕೆ ಮಲೀದಾ ಎನ್ನುತ್ತಾರೆ. ನೆನೆಸಿದ ಅವಲಕ್ಕಿ, ಸಕ್ಕರೆ, ಕಾಯಿತುರಿ, ಏಲಕ್ಕಿ, ಸುತ್ತಲೂ ಹಣ್ಣು. ಮಗು ಹುಟ್ಟಿದಾಗ, ಮದುವೆಗೆ ಮೊದಲು, ಹರಕೆ ತೀರಿದಾಗ ಎಲೀಯನನ್ನು ನೆನೆದು ಹೀಬ್ರೂನಲ್ಲಿ ಹಾಡಿ ಎಲ್ಲರಿಗೂ ಹಂಚುತ್ತಾರೆ. ಯುರೋಪಿನ ಯಹೂದಿಗೆ ಇದು ಹೊಸದು. ಕೊಂಕಣದಿಂದ ಕೆಳಗೆ ನಮ್ಮ ಕರಾವಳಿಯವರಿಗೆ ಆ ತಟ್ಟೆಯಲ್ಲಿ ಹೊಸದೇನೂ ಕಾಣುವುದಿಲ್ಲ.

ಐದು ಬೆಳ್ಳಿ ನಾಣ್ಯ

30 ದಿನ ಕಳೆದ ಮೇಲೆ ಇನ್ನೊಂದು ಚಿಕ್ಕ ವಿಧಿ ಬರುತ್ತದೆ, ಆದರೆ ಎಲ್ಲರಿಗೂ ಅಲ್ಲ. ಪಿದ್ಯೋನ್ ಹಬೆನ್, ಅಂದರೆ ಮಗನನ್ನು ಬಿಡಿಸಿಕೊಳ್ಳುವುದು. ತಾಯಿಯ ಮೊದಲ ಮಗು ಗಂಡಾಗಿದ್ದರೆ ಅದು ದೇವರಿಗೆ ಸೇರಿದ್ದು ಎಂಬ ಹಳೆಯ ಮಾತು. ಹಾಗಾಗಿ ಅಪ್ಪ ಐದು ಬೆಳ್ಳಿ ನಾಣ್ಯ ಕೊಟ್ಟು ಬಿಡಿಸಿಕೊಳ್ಳಬೇಕು. ಕೊಡುವುದು ಕೋಹೆನ್‌ಗೆ, ಅಂದರೆ ಹಳೆಯ ದೇವಾಲಯದ ಪುರೋಹಿತರ ವಂಶದವರಿಗೆ. ಸಿಸೇರಿಯನ್ ಆಗಿದ್ದರೆ ಈ ವಿಧಿ ಇಲ್ಲ. ಅಪ್ಪ ಅಮ್ಮನ ಕಡೆ ಕೋಹೆನ್ ವಂಶ ಅಥವಾ ದೇವಾಲಯದ ಸೇವೆಯಲ್ಲಿದ್ದ ಲೇವಿ ವಂಶ ಇದ್ದರೂ ಇಲ್ಲ.

ಕೋಹೆನ್ ಅಪ್ಪನನ್ನು ಕೇಳುತ್ತಾರೆ: ನಿನಗೆ ಮಗ ಬೇಕೋ, ಈ ದುಡ್ಡು ಬೇಕೋ? ಉತ್ತರ ಎಲ್ಲರಿಗೂ ಗೊತ್ತು. ಆದರೂ ಬಾಯಿಬಿಟ್ಟು ಕೇಳಬೇಕು, ಬಾಯಿಬಿಟ್ಟು ಹೇಳಬೇಕು. ಎಷ್ಟೋ ಕಡೆ ಮಗುವನ್ನು ಬೆಳ್ಳಿ ತಟ್ಟೆಯ ಮೇಲೆ ಮಲಗಿಸಿ, ಸುತ್ತ ಹೆಂಗಸರು ತಮ್ಮ ಒಡವೆ ಬಿಚ್ಚಿ ಇಡುತ್ತಾರೆ.

ಆಮೇಲೆ 3ನೇ ವರ್ಷ. ಕೆಲವು ಪಂಗಡಗಳಲ್ಲಿ ಅಲ್ಲಿಯವರೆಗೆ ಹುಡುಗನ ಕೂದಲು ತೆಗೆಯುವುದಿಲ್ಲ. ಕತ್ತರಿಸುವ ದಿನ ಬಂದವರೆಲ್ಲ ಒಂದೊಂದು ಎಳೆ ಕತ್ತರಿಸುತ್ತಾರೆ. ಅಕ್ಷರ ಕಲಿಸುವಾಗ ಹೀಬ್ರೂ ಅಕ್ಷರದ ಮೇಲೆ ಜೇನು ಸವರಿ ಮಗುವಿಗೆ ನೆಕ್ಕಿಸುವ ಪದ್ಧತಿಯೂ ಇದೆ.

ಹದಿಮೂರು ವರ್ಷ, ಒಂದು ದಿನ

ಬಾರ್ ಮಿಟ್ಜ್ವಾ ಅಂದರೆ ದೊಡ್ಡ ಪಾರ್ಟಿ ಎಂದು ಸಿನಿಮಾ ನೋಡಿದವರಿಗೆ ಅನಿಸಬಹುದು. ಅಸಲಿಗೆ ಇದು ಸಮಾರಂಭದ ಹೆಸರೇ ಅಲ್ಲ. ಮಿಟ್ಜ್ವಾ ಅಂದರೆ ದೇವರ ಆಜ್ಞೆ. ಬಾರ್ ಮಿಟ್ಜ್ವಾ ಅಂದರೆ ಆಜ್ಞೆಗೆ ಒಳಪಟ್ಟವನು. 13 ತುಂಬಿದ ಮರುದಿನ ಹುಡುಗ ತಾನಾಗಿಯೇ ಹಾಗಾಗುತ್ತಾನೆ. ಪಾರ್ಟಿ ಮಾಡಲಿ ಬಿಡಲಿ, ತೋರಾ ಓದಲಿ ಬಿಡಲಿ, ಇನ್ನು ಮುಂದೆ ಅವನ ತಪ್ಪು ಅವನದು. ಅಪ್ಪ ಅಲ್ಲೇ ನಿಂತು, ಇವನ ತಪ್ಪಿನ ಹೊಣೆಯಿಂದ ನನ್ನನ್ನು ಬಿಡಿಸಿದ ದೇವರಿಗೆ ಸ್ತೋತ್ರ ಎನ್ನುತ್ತಾನೆ. ಕೇಳಲು ಒರಟು ಅನಿಸುತ್ತದೆ. ಆದರೆ ಮಗನನ್ನು ಒಬ್ಬ ಪೂರ್ತಿ ಮನುಷ್ಯ ಅಂತ ಒಪ್ಪಿಕೊಳ್ಳುವ ಮಾತು ಅದು.

ಇಲ್ಲಿ ಮಿನ್ಯಾನ್ ಅಂದರೆ ಏನು ಅಂತ ತಿಳಿದುಕೊಳ್ಳಬೇಕು, ಯಾಕೆಂದರೆ ಕೊನೆಯವರೆಗೂ ಬೇಕಾಗುತ್ತದೆ. ಸಾಮೂಹಿಕ ಪ್ರಾರ್ಥನೆಯ ಕೆಲವು ಭಾಗಗಳನ್ನು ಹೇಳಬೇಕಾದರೆ ಕನಿಷ್ಠ 10 ಮಂದಿ ವಯಸ್ಕ ಗಂಡಸರು ಇರಬೇಕು. ಒಂಬತ್ತು ಜನ ಎಷ್ಟೇ ದೊಡ್ಡ ಪಂಡಿತರಾಗಿದ್ದರೂ ಸಾಲದು. ಬಾಗಿಲಲ್ಲಿ ನಿಂತು ಹತ್ತನೆಯವರಿಗಾಗಿ ಕಾಯುವುದು ಚಿಕ್ಕ ಊರುಗಳ ಸಿನಗಾಗ್‌ಗಳಲ್ಲಿ ಮಾಮೂಲು. ನಿನ್ನೆಯವರೆಗೆ ಲೆಕ್ಕಕ್ಕೆ ಬಾರದ ಹುಡುಗ ಇವತ್ತು ಆ ಹತ್ತರಲ್ಲಿ ಒಬ್ಬ. ಅವನು ಬಂದರೆ ಪ್ರಾರ್ಥನೆ ಶುರು. ಎಲ್ಲ ಉಡುಗೊರೆಗಿಂತ ಇದು ದೊಡ್ಡದು ಅಂತ ನನಗನಿಸುತ್ತದೆ.

ತೋರಾ ಓದುವುದು ಸುಲಭದ ಕೆಲಸ ಅಲ್ಲ. ಸುರುಳಿ ಪೂರ್ತಿ ಕೈಬರಹ, ಚರ್ಮದ ಹಾಳೆಯ ಮೇಲೆ. ಒಟ್ಟು 3,04,805 ಅಕ್ಷರ. ಅದರಲ್ಲಿ ಸ್ವರಚಿಹ್ನೆ ಇಲ್ಲ, ವಿರಾಮಚಿಹ್ನೆ ಇಲ್ಲ, ರಾಗದ ಗುರುತೂ ಇಲ್ಲ. ಕನ್ನಡದಲ್ಲಿ ಗುಣಿತವನ್ನೆಲ್ಲ ತೆಗೆದು ಬರೀ ವ್ಯಂಜನ ಬಿಟ್ಟರೆ ಹೇಗಿರುತ್ತದೋ ಹಾಗೆ. ಉಳಿದದ್ದೆಲ್ಲ ಬಾಯಿಪಾಠ ಆಗಿರಬೇಕು. ತೋರಾವನ್ನು 54 ಭಾಗ ಮಾಡಿ ವರ್ಷವಿಡೀ ವಾರವಾರ ಓದುತ್ತಾರೆ. ಹುಡುಗನಿಗೆ ಸಿಗುವುದು ಅವನ ಹುಟ್ಟುಹಬ್ಬದ ವಾರದ ಭಾಗ. ಅದಕ್ಕೆ ತಿಂಗಳುಗಟ್ಟಲೆ ತಯಾರಿ. ಬರಿಗೈಯಲ್ಲಿ ಸುರುಳಿ ಮುಟ್ಟುವಂತಿಲ್ಲ, ಹಾಗಾಗಿ ತುದಿಯಲ್ಲಿ ಪುಟ್ಟ ಕೈಬೆರಳು ಇರುವ ಬೆಳ್ಳಿ ಕಡ್ಡಿಯಿಂದ ಸಾಲು ತೋರಿಸುತ್ತಾ ಓದಬೇಕು. ಎಲ್ಲಾದರೂ ತಪ್ಪಿದರೆ ಪಕ್ಕದಲ್ಲಿ ನಿಂತ ಹಿರಿಯರು ಮೆಲ್ಲಗೆ ತಿದ್ದುತ್ತಾರೆ. ಮುಗಿದ ಕೂಡಲೇ ಸುತ್ತಲಿಂದ ಮಿಠಾಯಿ ಎಸೆಯುತ್ತಾರೆ, ಚಿಕ್ಕ ಮಕ್ಕಳು ಆರಿಸಿಕೊಳ್ಳಲು ಓಡುತ್ತವೆ.

ಹೆಣ್ಣುಮಕ್ಕಳು 12ಕ್ಕೇ ಆಜ್ಞೆಗೆ ಒಳಪಡುತ್ತಾರೆ. ಹೊಣೆ ಮೊದಲೇ ಬರುತ್ತಿತ್ತು, ಆದರೆ ವೇದಿಕೆ ಇರಲಿಲ್ಲ. 1922ರ ಮಾರ್ಚ್ 18ರಂದು ನ್ಯೂಯಾರ್ಕ್‌ನಲ್ಲಿ ರಬ್ಬಿ ಮೊರ್ದೆಕೈ ಕಪ್ಲಾನ್ ತಮ್ಮ ಮಗಳು ಜುಡಿತ್‌ಳನ್ನು ಸಿನಗಾಗ್‌ನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಓದಿಸಿದರು. ಅವಳು ಸುರುಳಿಯಿಂದ ಓದಲಿಲ್ಲ, ಪುಸ್ತಕದಿಂದ ಓದಿದಳು. ಅಷ್ಟಕ್ಕೇ ಅದು ದೊಡ್ಡ ಹೆಜ್ಜೆ. ಅಮೆರಿಕದ ಮೊದಲ ಬಾತ್ ಮಿಟ್ಜ್ವಾ ಎಂದರೆ ಇಂದಿಗೂ ಅವಳನ್ನೇ ನೆನೆಯುತ್ತಾರೆ. ಸುಧಾರಣಾವಾದಿ ಸಿನಗಾಗ್‌ಗಳಲ್ಲಿ ಇವತ್ತು ಹುಡುಗ ಹುಡುಗಿ ಇಬ್ಬರೂ ಒಂದೇ ಥರ ಓದುತ್ತಾರೆ, ಮಿನ್ಯಾನ್‌ಗೆ ಹೆಂಗಸರನ್ನೂ ಎಣಿಸುತ್ತಾರೆ.

ಇನ್ನೊಂದು ರೂಢಿ ಇದೆ. 83ನೇ ವಯಸ್ಸಿನಲ್ಲಿ ಎರಡನೇ ಬಾರ್ ಮಿಟ್ಜ್ವಾ ಮಾಡಿಕೊಳ್ಳುವುದು. ಮನುಷ್ಯನ ಆಯುಷ್ಯ 70 ವರ್ಷ ಅಂತ ಬೈಬಲ್‌ನ ಕೀರ್ತನೆಯೊಂದು ಹೇಳುತ್ತದೆ. ಅದಾದ ಮೇಲೆ ಮತ್ತೆ ಒಂದರಿಂದ ಎಣಿಸಿದರೆ 83ಕ್ಕೆ 13.

ಚಪ್ಪರದ ಕೆಳಗೆ

ಮದುವೆಯ ಚಪ್ಪರಕ್ಕೆ ಹುಪ್ಪಾ ಎನ್ನುತ್ತಾರೆ. ನಾಲ್ಕು ಕೋಲು, ಮೇಲೊಂದು ಬಟ್ಟೆ. ಎಷ್ಟೋ ಸಲ ಆ ಬಟ್ಟೆ ಪ್ರಾರ್ಥನೆಗೆ ಹೊದೆಯುವ ತಲ್ಲಿತ್ ಶಾಲೇ ಆಗಿರುತ್ತದೆ. ಗೋಡೆ ಇಲ್ಲ, ನಾಲ್ಕೂ ಕಡೆ ತೆರೆದಿರುತ್ತದೆ. ಅಶ್ಕೆನಾಝಿ ಮದುಮಗ ತನ್ನ ಬಟ್ಟೆಯ ಮೇಲೆ ಕಿಟ್ಟೆಲ್ ಎಂಬ ಬಿಳಿ ನಿಲುವಂಗಿ ಹಾಕಿಕೊಳ್ಳುತ್ತಾನೆ. ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ಉಪವಾಸದ ದಿನವೂ ಅದನ್ನೇ ಹಾಕುತ್ತಾನೆ. ಸತ್ತಾಗಲೂ ಅದರಲ್ಲೇ ಹೂಳುತ್ತಾರೆ. ಮದುವೆ ದಿನ ಆ ಅಂಗಿ ತೊಡುವುದೇನು ಅಂತ ನಮಗೆ ಕಸಿವಿಸಿ ಆಗಬಹುದು. ಅವರಿಗೆ ಮದುವೆಯ ದಿನವೂ ಹಳೆಯ ತಪ್ಪುಗಳೆಲ್ಲ ಕಳೆಯುವ ದಿನ. ಹಾಗಾಗಿ ವಧುವರರು ಅವತ್ತು ಚಪ್ಪರಕ್ಕೆ ಬರುವವರೆಗೂ ಉಪವಾಸ ಇರುತ್ತಾರೆ.

ಮದುವೆ ನಿಜಕ್ಕೂ ಎರಡು ವಿಧಿ ಸೇರಿದ್ದು. ಮೊದಲನೆಯದು ಉಂಗುರ. ಕಲ್ಲಿಲ್ಲದ ಸಾದಾ ಉಂಗುರವನ್ನು ವಧುವಿನ ಬಲಗೈ ತೋರುಬೆರಳಿಗೆ ಇಬ್ಬರು ಸಾಕ್ಷಿಗಳ ಮುಂದೆ ತೊಡಿಸಬೇಕು. ಕಲ್ಲು ಯಾಕಿಲ್ಲ ಅಂದರೆ ಬೆಲೆಯಲ್ಲಿ ಮೋಸ, ಅನುಮಾನ ಯಾವುದೂ ಇರಬಾರದು. ಎರಡನೆಯದು ಚಪ್ಪರದ ಕೆಳಗಿನ ಏಳು ಆಶೀರ್ವಾದ. ಹಿಂದೆ ಇವೆರಡರ ನಡುವೆ ಒಂದು ವರ್ಷದವರೆಗೂ ಅಂತರ ಇರುತ್ತಿತ್ತು. ಈಗ ಅಂತರ ತುಂಬುವುದು ಕೆತುಬಾ ಓದುವುದರಿಂದ. ಕೆತುಬಾ ಅಂದರೆ ಅರಾಮಿಕ್ ಭಾಷೆಯ ಮದುವೆ ಕರಾರು. ಅದರಲ್ಲಿ ಪ್ರೀತಿಯ ಮಾತು ಏನೂ ಇಲ್ಲ. ಹೆಂಡತಿಗೆ ಊಟ, ಬಟ್ಟೆ ಕೊಡಬೇಕು, ಬಿಟ್ಟರೆ ಅಥವಾ ಸತ್ತರೆ ಇಷ್ಟು ಹಣ ಸಿಗಬೇಕು ಅಂತ ಬರೆದಿರುತ್ತದೆ. ಪತ್ರ ಹೆಂಡತಿಯ ಆಸ್ತಿ, ಅವಳ ಹತ್ತಿರವೇ ಇರಬೇಕು.

ಕೊನೆಗೆ ಗಾಜಿನ ಲೋಟವನ್ನು ಬಟ್ಟೆಯಲ್ಲಿ ಸುತ್ತಿ ಕೆಳಗಿಡುತ್ತಾರೆ, ವರ ಕಾಲಿಂದ ತುಳಿದು ಒಡೆಯುತ್ತಾನೆ. ಕ್ರಿಸ್ತಶಕ 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ್ದನ್ನು ಅತಿ ಸಂತೋಷದ ಹೊತ್ತಲ್ಲೂ ಮರೆಯಬಾರದು ಅಂತ. ಒಡೆದ ಸದ್ದಿಗೆ ಎಲ್ಲರೂ "ಮಝಲ್ ತೋವ್", ಅಂದರೆ ಶುಭವಾಗಲಿ, ಎಂದು ಕೂಗುತ್ತಾರೆ. ಬೆನೆ ಇಸ್ರೇಲ್, ಯೆಮನ್, ಮೊರಾಕ್ಕೊ ಯಹೂದಿಗಳಲ್ಲಿ ಮದುವೆಗೆ ಮೊದಲು ಮೆಹಂದಿಯೂ ಇದೆ.

ಮದುವೆ ಮುರಿಯುವುದಕ್ಕೂ ವಿಧಿ ಇದೆ. ಗೆಟ್ ಎಂಬ 12 ಸಾಲಿನ ಪತ್ರವನ್ನು ಆ ದಂಪತಿಗೆಂದೇ ಕೈಯಲ್ಲಿ ಬರೆಸಿ, ಗಂಡ ಹೆಂಡತಿಯ ಕೈಗೆ ಹಾಕಬೇಕು. ತೊಡಕು ಇರುವುದು ಇಲ್ಲೇ. ಗಂಡ ಕೊಡದೇ ಹೋದರೆ ಹೆಂಡತಿ ಮರುಮದುವೆ ಆಗುವ ಹಾಗಿಲ್ಲ. ಅಂಥವಳನ್ನು ಅಗುನಾ, ಅಂದರೆ ಕಟ್ಟಿಹಾಕಲ್ಪಟ್ಟವಳು ಎನ್ನುತ್ತಾರೆ. ಇಷ್ಟು ಕಾಳಜಿಯ ಸಂಪ್ರದಾಯದಲ್ಲಿ ಇದು ದೊಡ್ಡ ಅನ್ಯಾಯ, ಬೇರೆ ಮಾತಿಲ್ಲ. ಇಸ್ರೇಲ್‌ನಲ್ಲಿ 1995ರ ಕಾನೂನು ಅಂಥ ಗಂಡನ ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ತಡೆಯಲು, ಬೇಕಿದ್ದರೆ ಜೈಲಿಗೆ ಹಾಕಲು ಧರ್ಮ ನ್ಯಾಯಾಲಯಗಳಿಗೆ ಅಧಿಕಾರ ಕೊಟ್ಟಿದೆ. ಆದರೂ ಜೈಲಲ್ಲಿ ಕೂತು ಹಟ ಹಿಡಿದ ಗಂಡಸರು ಇದ್ದಾರೆ.

ಕೊನೆಯ ಸ್ನಾನ

ಹೆವ್ರಾ ಕದಿಶಾ ಅಂದರೆ ಪವಿತ್ರ ಸಂಘ. ಊರಿನ ಅಂಗಡಿಯವರು, ಟೀಚರ್, ಗೃಹಿಣಿ, ಯಾರು ಬೇಕಾದರೂ ಅದರಲ್ಲಿ ಇರಬಹುದು. ಯಾರಾದರೂ ಸತ್ತರೆ ಫೋನ್ ಬರುತ್ತದೆ. ಹೋಗಿ ಶವಕ್ಕೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸುತ್ತಾರೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಈ ಸ್ನಾನಕ್ಕೆ ತಹರಾ ಎಂದು ಹೆಸರು.

ಆ ಕೋಣೆಯ ನಿಯಮಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೇಡದ ಮಾತು ಆಡುವಂತಿಲ್ಲ. ಶವವನ್ನು ಬೋರಲು ಮಲಗಿಸುವಂತಿಲ್ಲ. ತೊಳೆಯುವಾಗ ಆ ಭಾಗ ಮಾತ್ರ ತೆರೆದು, ಉಳಿದದ್ದನ್ನು ಬಟ್ಟೆಯಿಂದ ಮುಚ್ಚಿರಬೇಕು. ಶವದ ಮೇಲಿಂದ ಯಾವ ಸಾಮಾನನ್ನೂ ಈ ಕಡೆಯಿಂದ ಆ ಕಡೆಗೆ ದಾಟಿಸಬಾರದು, ಸುತ್ತಿ ಬಂದೇ ಕೊಡಬೇಕು. ಮೈ ತೊಳೆದಾದ ಮೇಲೆ ಬಕೆಟ್ಟುಗಳಿಂದ ಧಾರೆ ಕಡಿಯದಂತೆ ನೀರು ಸುರಿಯಬೇಕು. ಒಂದು ಖಾಲಿಯಾಗುವ ಮೊದಲೇ ಇನ್ನೊಂದು ಶುರುವಾಗಬೇಕು. ಆಮೇಲೆ ಬಿಳಿ ಉಡುಪು. ಅಂಗಿ, ಇಜಾರ, ಮೇಲಂಗಿ, ಸೊಂಟಪಟ್ಟಿ. ಗಂಟು ಹಾಕುವುದಿಲ್ಲ, ಸುಮ್ಮನೆ ಸುತ್ತಿ ಸಿಕ್ಕಿಸುತ್ತಾರೆ. ತಲ್ಲಿತ್ ಹೊದೆಸುವುದಾದರೆ ಅದರ ಒಂದು ಮೂಲೆಯ ಕುಚ್ಚು ಕತ್ತರಿಸುತ್ತಾರೆ, ಇನ್ನು ಅದನ್ನು ಹೊದ್ದು ಪ್ರಾರ್ಥನೆ ಮಾಡುವುದಿಲ್ಲವಲ್ಲ. ಎಲ್ಲ ಮುಗಿದ ಮೇಲೆ ಶವವನ್ನು ಹೆಸರು ಹಿಡಿದು ಕರೆದು, ನಮ್ಮಿಂದ ಏನಾದರೂ ಅಗೌರವ ಆಗಿದ್ದರೆ ಕ್ಷಮಿಸಿ ಎಂದು ಕೇಳುತ್ತಾರೆ.

ಈ ಕೆಲಸಕ್ಕೆ ಹೀಬ್ರೂನಲ್ಲಿ ಹೆಸೆದ್ ಶೆಲ್ ಎಮೆತ್ ಅಂತ ಹೇಳುತ್ತಾರೆ. ನಿಜವಾದ ದಯೆ. ಬೇರೆ ಎಲ್ಲ ಉಪಕಾರಕ್ಕೂ ಎಂದಾದರೂ ಪ್ರತ್ಯುಪಕಾರ ಬರಬಹುದು ಅನ್ನುವ ಆಸೆ ಇರುತ್ತದೆ. ಇಲ್ಲಿ ಇರುವುದಿಲ್ಲ.

ಬಡವ ಬಲ್ಲಿದ ಎಲ್ಲರಿಗೂ ಒಂದೇ ಉಡುಪು ಯಾಕೆ ಅನ್ನುವುದಕ್ಕೆ ತಾಲ್ಮುದ್ ಒಂದು ಕಾರಣ ಹೇಳುತ್ತದೆ. ಒಂದು ಕಾಲದಲ್ಲಿ ಶವಸಂಸ್ಕಾರದ ಖರ್ಚು ಎಷ್ಟು ಏರಿತ್ತೆಂದರೆ, ಮನೆಯವರು ಸಾವಿಗಿಂತ ಖರ್ಚಿಗೆ ಹೆದರಿ ಹೆಣ ಬಿಟ್ಟು ಓಡಿಹೋಗುತ್ತಿದ್ದರಂತೆ. ಆಗ ರಬ್ಬಾನ್ ಗಮ್ಲಿಯೇಲ್ ಎಂಬ ದೊಡ್ಡ ಗುರು, ತಮ್ಮನ್ನು ಸಾದಾ ಲಿನನ್ ಬಟ್ಟೆಯಲ್ಲಿ ಹೂಳಬೇಕು ಎಂದು ಹೇಳಿ ಹಾಗೇ ಮಾಡಿಸಿಕೊಂಡರು. ಅವರಿಗೇ ಅಷ್ಟು ಸಾಕಾದರೆ ಇನ್ನು ಯಾರಿಗೆ ಸಾಲದು? ಅಂದಿನಿಂದ ಎಲ್ಲರೂ ಹಾಗೇ ಮಾಡಿದರು.

ಸಾವಿನಿಂದ ಮಣ್ಣಿನವರೆಗೆ ಶವವನ್ನು ಒಂಟಿಯಾಗಿ ಬಿಡುವುದಿಲ್ಲ. ಪಕ್ಕದಲ್ಲಿ ಯಾರಾದರೂ ಕೂತು ಕೀರ್ತನೆ ಓದುತ್ತಿರಬೇಕು. ಆದಷ್ಟು ಬೇಗ ಹೂಳಬೇಕು, ಸಾಧ್ಯವಾದರೆ ಅದೇ ದಿನ. ಸುಡುವುದು ಸಂಪ್ರದಾಯದಲ್ಲಿ ಇಲ್ಲ. ಇಸ್ರೇಲ್‌ನಲ್ಲಿ ಹೆಚ್ಚಾಗಿ ಪೆಟ್ಟಿಗೆ ಕೂಡ ಇಲ್ಲ, ನೇರ ಮಣ್ಣಿಗೆ. ಬೇರೆ ಕಡೆ ಸಾದಾ ಮರದ ಪೆಟ್ಟಿಗೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಒಂದು ಚಿಕ್ಕ ಯಹೂದಿ ಸ್ಮಶಾನ ಇದೆ. 20ನೇ ಶತಮಾನದ ಆರಂಭದಲ್ಲಿ ಮೈಸೂರು ಅರಸರು ಕೊಟ್ಟ ಜಾಗ. ಆ ದಾರಿಯಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ಅದು ಅಲ್ಲಿರುವುದೇ ಗೊತ್ತಿಲ್ಲ.

ಮಣ್ಣು ಹಾಕುವುದು ಮನೆಯವರು, ಸ್ನೇಹಿತರು. ಮೊದಲು ಸಲಿಕೆಯನ್ನು ತಿರುಗಿಸಿ ಅದರ ಬೆನ್ನಿನಿಂದ ಹಾಕುವ ರೂಢಿ ಇದೆ. ಈ ಕೆಲಸಕ್ಕೆ ನನಗೆ ಆತುರ ಇಲ್ಲ ಅನ್ನುವ ಹಾಗೆ. ಸಲಿಕೆಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಮಣ್ಣಿಗೆ ಚುಚ್ಚಿ ಹಿಂದೆ ಸರಿಯುತ್ತಾರೆ, ಮುಂದಿನವರು ತಾವೇ ತೆಗೆದುಕೊಳ್ಳಬೇಕು. ದುಃಖವನ್ನು ಒಬ್ಬರು ಇನ್ನೊಬ್ಬರ ಕೈಗೆ ದಾಟಿಸಬಾರದು ಅಂತ.

ಏಳು, ಮೂವತ್ತು, ಹನ್ನೊಂದು

ಸಂಸ್ಕಾರಕ್ಕೆ ಮೊದಲು ಹತ್ತಿರದವರು ಎದ್ದು ನಿಂತು ತೊಟ್ಟ ಬಟ್ಟೆ ಹರಿದುಕೊಳ್ಳುತ್ತಾರೆ. ಅಪ್ಪ ಅಮ್ಮನಿಗಾದರೆ ಎಡಗಡೆ, ಎದೆಯ ಮೇಲೆ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗಾದರೆ ಬಲಗಡೆ. ಬೇರೆಯವರಿಗಾಗಿ ಹರಿದದ್ದನ್ನು 30 ದಿನದ ನಂತರ ಸರಿಯಾಗಿ ಹೊಲಿದುಕೊಳ್ಳಬಹುದು. ಅಪ್ಪ ಅಮ್ಮನಿಗಾಗಿ ಹರಿದದ್ದನ್ನು ಒರಟಾಗಿ ಹೊಲಿಗೆ ಹಾಕಬಹುದೇ ಹೊರತು, ಗುರುತೇ ಕಾಣದ ಹಾಗೆ ಎಂದೂ ಸೇರಿಸುವಂತಿಲ್ಲ. ಈ ಒಂದು ನಿಯಮ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟಿದ್ದೆ.

ಹೂಳುವುದು ಮುಗಿದ ಮೇಲೆ ಶಿವಾ ಶುರು. ಹೀಬ್ರೂನಲ್ಲಿ ಶಿವಾ ಅಂದರೆ ಏಳು, ನಮ್ಮ ಶಿವನಿಗೂ ಅದಕ್ಕೂ ಸಂಬಂಧ ಇಲ್ಲ. ಏಳು ದಿನ ಮನೆಯವರು ಹೊರಗೆ ಹೋಗುವುದಿಲ್ಲ, ಕೆಲಸ ಮಾಡುವುದಿಲ್ಲ. ಗಿಡ್ಡ ಮಣೆಯ ಮೇಲೆ ಕೂರುತ್ತಾರೆ. ಚರ್ಮದ ಚಪ್ಪಲಿ ಹಾಕುವುದಿಲ್ಲ. ಗಡ್ಡ ತೆಗೆಯುವುದಿಲ್ಲ. ಕನ್ನಡಿಗಳಿಗೆ ಬಟ್ಟೆ ಮುಚ್ಚಿರುತ್ತದೆ.

ಸ್ಮಶಾನದಿಂದ ಬಂದ ಮೊದಲ ಊಟ ಅವರ ಮನೆಯದಾಗಿರಬಾರದು, ಅಕ್ಕಪಕ್ಕದವರು ತರಬೇಕು. ಬೇಯಿಸಿದ ಮೊಟ್ಟೆ ಮತ್ತು ಮಸೂರ, ಅಂದರೆ ನಮ್ಮ ಚನ್ನಂಗಿ ಬೇಳೆ. ಎರಡೂ ಗುಂಡಗೆ, ದುಃಖವೂ ಚಕ್ರದ ಹಾಗೆ ಎಲ್ಲರ ಮನೆಗೂ ಬರುತ್ತದೆ ಅಂತ. ಇನ್ನೊಂದು ಕಾರಣವೂ ಇದೆ. ಬೇರೆ ಕಾಳುಗಳಿಗೆ ಪಕ್ಕದಲ್ಲಿ ಬಾಯಿಯಂಥ ಸೀಳು ಇರುತ್ತದೆ. ಮಸೂರಕ್ಕೆ ಬಾಯಿ ಇಲ್ಲ. ದುಃಖದಲ್ಲಿರುವವರಿಗೂ ಬಾಯಿ ಇಲ್ಲ.

ಹಾಗಾಗಿ ನೋಡಲು ಬಂದವರಿಗೆ ಒಂದು ನಿಯಮ. ಬಾಗಿಲು ತೆರೆದೇ ಇರುತ್ತದೆ, ಬೆಲ್ ಮಾಡಬೇಡಿ. ನಮಸ್ಕಾರ, ಹೇಗಿದ್ದೀರಿ ಅಂತೆಲ್ಲ ಕೇಳಬೇಡಿ. ಒಳಗೆ ಬಂದು ಸುಮ್ಮನೆ ಕೂತುಕೊಳ್ಳಿ. ಅವರು ಮಾತು ಶುರು ಮಾಡಿದರೆ ಮಾತಾಡಿ. ಮಾಡದಿದ್ದರೆ ಸುಮ್ಮನೇ ಇರಿ. ಎಲ್ಲವನ್ನೂ ಕಳೆದುಕೊಂಡ ಯೋಬ ಎಂಬವನ ಗೆಳೆಯರು ಅವನ ಜೊತೆ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು ಎಂದು ಬೈಬಲ್ ಹೇಳುತ್ತದೆ. ನಾವು ಸಾವಿನ ಮನೆಗೆ ಹೋದಾಗ ಏನು ಮಾತಾಡುವುದು ಅಂತ ಎಷ್ಟು ತಡಕಾಡುತ್ತೇವೆ, ಅಲ್ವಾ? ಏನಾದರೂ ಹೇಳಲೇಬೇಕು ಅನ್ನುವ ಭಾರವನ್ನೇ ಈ ನಿಯಮ ಇಳಿಸಿಬಿಡುತ್ತದೆ.

7ನೇ ದಿನ ಬೆಳಗ್ಗೆ ಶಿವಾ ಮುಗಿಯುತ್ತದೆ. ಎದ್ದು ಮನೆ ಸುತ್ತ ಒಂದು ಸುತ್ತು ನಡೆದು ಬರುವ ರೂಢಿ ಇದೆ. ಆಮೇಲೆ 30ನೇ ದಿನದವರೆಗೆ ಶ್ಲೋಶಿಮ್. ಕೆಲಸಕ್ಕೆ ಹೋಗಬಹುದು, ಆದರೆ ಮದುವೆ, ಸಂಗೀತ, ಸಂಭ್ರಮ ಬೇಡ. ಮಕ್ಕಳಿಗಾಗಲಿ, ಗಂಡ ಹೆಂಡತಿಗಾಗಲಿ ವಿಧಿಯ ಶೋಕ 30ಕ್ಕೆ ಮುಗಿಯುತ್ತದೆ. ಅಪ್ಪ ಅಮ್ಮನಿಗೆ ಮಾತ್ರ ಒಂದು ವರ್ಷ.

ಅಪ್ಪ ಅಮ್ಮನಿಗಾಗಿ ದಿನಾ ಕದ್ದಿಶ್ ಹೇಳಬೇಕು. "ಅವನ ಮಹಾನಾಮ ದೊಡ್ಡದಾಗಲಿ, ಪವಿತ್ರವಾಗಲಿ" ಎಂದು ಶುರುವಾಗುವ ಅರಾಮಿಕ್ ಪ್ರಾರ್ಥನೆ. ಅದರಲ್ಲಿ ಸಾವಿನ ಮಾತೇ ಇಲ್ಲ, ಸತ್ತವರ ಹೆಸರೂ ಇಲ್ಲ. ಬರೀ ದೇವರ ಸ್ತುತಿ. ಒಬ್ಬರೇ ಮನೆಯಲ್ಲಿ ಕೂತು ಹೇಳುವಂತಿಲ್ಲ, ಹತ್ತು ಜನ ಬೇಕು. ನಡುವೆ ಅವರೆಲ್ಲ ಜೋರಾಗಿ ಆಮೆನ್ ಅನ್ನಬೇಕು. ಅಮ್ಮನನ್ನು ಕಳೆದುಕೊಂಡು ಮೂಲೆ ಸೇರುವ ಮನುಷ್ಯನನ್ನು ಈ ಪ್ರಾರ್ಥನೆ ದಿನಾ ಎಬ್ಬಿಸಿ ಹತ್ತು ಜನರ ನಡುವೆ ತಂದು ನಿಲ್ಲಿಸುತ್ತದೆ. ಹೇಳುವುದು 11 ತಿಂಗಳು ಮಾತ್ರ. ತೀರಾ ಕೆಟ್ಟವರಿಗೆ ಮೇಲಿನ ಲೋಕದಲ್ಲಿ 12 ತಿಂಗಳ ವಿಚಾರಣೆ ಎಂಬ ನಂಬಿಕೆ ಇದೆ. ಪೂರ್ತಿ 12 ತಿಂಗಳು ಹೇಳಿದರೆ ನಮ್ಮಪ್ಪ ಅಂಥವನು ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತದೆ. ಹಾಗಾಗಿ ಒಂದು ತಿಂಗಳು ಮೊದಲೇ ನಿಲ್ಲಿಸುತ್ತಾರೆ.

ಕದ್ದಿಶ್ ಗಂಡುಮಕ್ಕಳ ಕೆಲಸ ಎಂದೇ ಇತ್ತು. ಹದಸ್ಸಾ ಎಂಬ ದೊಡ್ಡ ಮಹಿಳಾ ಸಂಸ್ಥೆ ಕಟ್ಟಿದ ಅಮೆರಿಕದ ಹೆನ್ರಿಯೆಟಾ ಸೋಲ್ಡ್ ಅವರ ತಾಯಿ 1916ರಲ್ಲಿ ತೀರಿಕೊಂಡರು. ಎಂಟು ಹೆಣ್ಣುಮಕ್ಕಳು, ಗಂಡುಮಗ ಇಲ್ಲ. ಕುಟುಂಬದ ಸ್ನೇಹಿತರೊಬ್ಬರು, ನಾನು ಕದ್ದಿಶ್ ಹೇಳುತ್ತೇನೆ ಎಂದರು. ಹೆನ್ರಿಯೆಟಾ ಪ್ರೀತಿಯಿಂದಲೇ ಪತ್ರ ಬರೆದು ಬೇಡ ಎಂದರು. ಅಪ್ಪ ಸತ್ತಾಗಲೂ ಅಮ್ಮ ಹೆಣ್ಣುಮಕ್ಕಳ ಜಾಗಕ್ಕೆ ಬೇರೆಯವರನ್ನು ಬಿಡಲಿಲ್ಲ, ಗಂಡುಮಗ ಇಲ್ಲವಲ್ಲ ಅಂತ ಒಂದು ದಿನವೂ ಕೊರಗಲಿಲ್ಲ, ಹಾಗಾಗಿ ಅಮ್ಮನಿಗೆ ನಾನೇ ಹೇಳುತ್ತೇನೆ ಎಂಬುದು ಆ ಪತ್ರದ ಸಾರ. ಇವತ್ತು ಎಷ್ಟೋ ಹೆಂಗಸರು ಕದ್ದಿಶ್ ಹೇಳುತ್ತಾರೆ.

ವರ್ಷ ತುಂಬಿದ ಮೇಲೆ ಉಳಿಯುವುದು ಯಾರ್ಟ್ಸೈಟ್. ನಮ್ಮ ತಿಥಿಯ ಹಾಗೆ ಇದು ಪಂಚಾಂಗದ ದಿನದಂದೇ ಬರಬೇಕು, ಇಂಗ್ಲಿಷ್ ತಾರೀಕಿಗಲ್ಲ. ಹಿಂದಿನ ಸಂಜೆ ಹಚ್ಚಿದ ದೀಪ 24 ಗಂಟೆ ಉರಿಯುತ್ತದೆ. ಸಮಾಧಿಗೆ ಹೋದವರು ಹೂವಿನ ಬದಲು ಒಂದು ಚಿಕ್ಕ ಕಲ್ಲು ಇಟ್ಟು ಬರುತ್ತಾರೆ.

ಆದರೆ ಸತ್ತ ದಿನವೇ ಗೊತ್ತಿಲ್ಲದಿದ್ದರೆ? ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಬಹಳ ಜನರ ಸಾವಿನ ದಿನ ಯಾರಿಗೂ ತಿಳಿಯದು, ಸಮಾಧಿಯೂ ಇಲ್ಲ. ಯಾರ್ಟ್ಸೈಟ್ ದೀಪ ಯಾವಾಗ ಹಚ್ಚುವುದು? ಇಸ್ರೇಲ್‌ನ ಮುಖ್ಯ ರಬ್ಬಿಗಳು ಇದಕ್ಕಾಗಿ ಯಹೂದಿ ಪಂಚಾಂಗದ ತೆವೆತ್ ತಿಂಗಳ 10ನೇ ದಿನವನ್ನು ಗೊತ್ತು ಮಾಡಿದರು. ಜೆರುಸಲೇಮಿನ ಮುತ್ತಿಗೆಯ ನೆನಪಿಗೆ ಮೊದಲಿಂದಲೂ ಉಪವಾಸ ಇರುತ್ತಿದ್ದ ದಿನ ಅದು.

ಜರ್ಮನಿಯ ಕೆಲವು ವಿಂಪೆಲ್‌ಗಳು ಬೆಂಕಿಗೆ ಸಿಗದೆ ಉಳಿದವು. ವಸ್ತುಸಂಗ್ರಹಾಲಯಗಳಲ್ಲಿ ಅವನ್ನು ಬಿಡಿಸಿ ಗಾಜಿನ ಕೆಳಗೆ ಇಟ್ಟಿದ್ದಾರೆ. ಹೆಸರು ಇದೆ, ಅಪ್ಪನ ಹೆಸರು ಇದೆ, ಹುಟ್ಟಿದ ದಿನ ಇದೆ, ಮದುವೆ ಚಪ್ಪರದ ಚಿತ್ರವೂ ಇದೆ. ಆ ಹುಡುಗರಲ್ಲಿ ಕೆಲವರಿಗೆ ತೆವೆತ್ 10ರಂದು ಯಾರೋ ಹತ್ತು ಜನ ಸೇರಿ ಕದ್ದಿಶ್ ಹೇಳುತ್ತಾರೆ.